2058ನೇ ಅಕ್ಷರ: ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಹಿಡಿದು ನಮ್ಮನ್ನು ಬಿಡುವುದು ಹೇಗೆ?

2024ರ ನವೆಂಬರ್‌ನಲ್ಲಿ ಕೇಂದ್ರ ವಿಜ್ಞಾನ ಸಚಿವರು ನಾಫಿಥ್ರೋಮೈಸಿನ್ ಎಂಬ ಹೊಸ ಆಂಟಿಬಯೋಟಿಕ್ ಬಿಡುಗಡೆ ಮಾಡಿದರು. ವೊಕ್‌ಹಾರ್ಟ್ ಕಂಪನಿ ಇದನ್ನು ತಯಾರಿಸಿದೆ, ಸರ್ಕಾರಿ ಸಂಸ್ಥೆ ಬಿರಾಕ್ ನೆರವು ಕೊಟ್ಟಿದೆ. ಮಾರಾಟದ ಹೆಸರು ಮಿಕ್ನಾಫ್. ನ್ಯುಮೋನಿಯಾಕ್ಕೆ ದಿನಕ್ಕೆ ಒಂದು ಸಲ, ಮೂರೇ ದಿನ. ಇದು ಮೊದಲ ಸ್ವದೇಶಿ ಆಂಟಿಬಯೋಟಿಕ್, ಅಜಿಥ್ರೋಮೈಸಿನ್‌ಗಿಂತ ಹತ್ತು ಪಟ್ಟು ಪರಿಣಾಮಕಾರಿ ಎಂಬ ಮಾತೂ ಜೊತೆಗೆ ಬಂತು.

ಅದಕ್ಕೆ ಎರಡು ತಿಂಗಳು ಮುಂಚೆ ಇನ್ನೊಂದು ಸುದ್ದಿ ಬಂದಿತ್ತು. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಆರು ತಿಂಗಳಲ್ಲಿ ಮುಗಿಯುವ ನಾಲ್ಕು ಮಾತ್ರೆಗಳ ಚಿಕಿತ್ಸೆಗೆ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟಿತ್ತು. ಆ ನಾಲ್ಕರಲ್ಲಿ ಒಂದು ಲಿನೆಜೋಲಿಡ್. ಇದನ್ನು ತೆಗೆದುಕೊಳ್ಳುವವರಿಗೆ ಕಾಲು ಜೋಮು ಹಿಡಿಯಬಹುದು, ರಕ್ತ ಕಡಿಮೆಯಾಗಬಹುದು, ಕಣ್ಣು ಮಂಜಾಗಬಹುದು ಎಂಬ ಎಚ್ಚರಿಕೆಯೂ ಇತ್ತು.

ಎರಡು ಔಷಧವೂ ಮಾಡುವ ಕೆಲಸ ಒಂದೇ: ಬ್ಯಾಕ್ಟೀರಿಯಾದ ರೈಬೋಸೋಮ್ ನಿಲ್ಲಿಸುವುದು. ರೈಬೋಸೋಮ್ ಎಂದರೆ ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ಯಂತ್ರ. ಓದುಗರಿಗೆ ಗೊಂದಲ ಆಗುವುದು ಇಲ್ಲೇ. ರೈಬೋಸೋಮ್ ನಮ್ಮಲ್ಲೂ ಇದೆ ಅಲ್ವಾ? ಅದು ಯಾಕೆ ನಿಲ್ಲುವುದಿಲ್ಲ? ನಿಲ್ಲುವುದಿಲ್ಲ ಎಂದಾದರೆ ಲಿನೆಜೋಲಿಡ್ ನುಂಗಿದವರ ಕಾಲು ಯಾಕೆ ಜೋಮು ಹಿಡಿಯುತ್ತದೆ? ಎರಡಕ್ಕೂ ಉತ್ತರ ಬ್ಯಾಕ್ಟೀರಿಯಾದ ರೈಬೋಸೋಮ್‌ಗೂ ನಮ್ಮದಕ್ಕೂ ಇರುವ ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿದೆ. ಔಷಧ ಕೆಲವು ವರ್ಷಗಳಲ್ಲೇ ಸೋತುಹೋಗುವುದಕ್ಕೂ ಕಾರಣ ಅಲ್ಲೇ ಸಿಗುತ್ತದೆ.

ಎರಡು ಬಗೆಯ ಯಂತ್ರ

ಬ್ಯಾಕ್ಟೀರಿಯಾದ ಜೀವಕೋಶದಲ್ಲಿ ಕೋಶಕೇಂದ್ರ ಇರುವುದಿಲ್ಲ. ಅಂಥ ಜೀವಿಗಳನ್ನು ಪ್ರೊಕ್ಯಾರಿಯೋಟ್ ಎನ್ನುತ್ತಾರೆ. ಮನುಷ್ಯ, ಹಸು, ರಾಗಿ, ಯೀಸ್ಟ್ ಎಲ್ಲವೂ ಕೋಶಕೇಂದ್ರ ಇರುವ ಯೂಕ್ಯಾರಿಯೋಟ್‌ಗಳು.

ಪಠ್ಯಪುಸ್ತಕದಲ್ಲಿ ಬ್ಯಾಕ್ಟೀರಿಯಾದ್ದು 70ಎಸ್, ನಮ್ಮದು 80ಎಸ್ ಎಂದು ಓದಿರುತ್ತೀರಿ. ಈ ಎಸ್ ಎಂದರೆ ಸ್ವೆಡ್‌ಬರ್ಗ್, ಸ್ವೀಡನ್ನಿನ ವಿಜ್ಞಾನಿಯೊಬ್ಬರ ಹೆಸರು. ಜೋರಾಗಿ ತಿರುಗುವ ಯಂತ್ರದಲ್ಲಿ ಒಂದು ಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಎಂಬುದರ ಅಳತೆ ಅದು. ತೂಕವಲ್ಲ. ಹಾಗಾಗಿ ಕೂಡಿಸಿದರೆ ಲೆಕ್ಕ ಸರಿಹೋಗುವುದಿಲ್ಲ. ಬ್ಯಾಕ್ಟೀರಿಯಾದ 50ಎಸ್ ದೊಡ್ಡ ತುಂಡು, 30ಎಸ್ ಸಣ್ಣ ತುಂಡು ಸೇರಿದರೆ 80 ಆಗಬೇಕಿತ್ತು, ಆಗುವುದು 70. ನಮ್ಮ 60ಎಸ್ ಮತ್ತು 40ಎಸ್ ಸೇರಿದರೆ 80. ಎರಡು ತುಂಡು ಒಂದಕ್ಕೊಂದು ಅಂಟಿದಾಗ ಆಕಾರ ಬದಲಾಗುತ್ತದೆ, ಇಳಿಯುವ ವೇಗವೂ ಬದಲಾಗುತ್ತದೆ, ಅಷ್ಟೇ. ಪರೀಕ್ಷೆಗೆ ಇದನ್ನು ಸುಮ್ನೆ ಬಾಯಿಪಾಠ ಮಾಡುವ ಮಕ್ಕಳಿಗೆ ಈ ಒಂದು ಸಾಲು ಹೇಳಿಕೊಟ್ಟರೆ ಅರ್ಧ ತಲೆನೋವು ತಪ್ಪುತ್ತದೆ.

ನಿಜವಾದ ವ್ಯತ್ಯಾಸ ಒಳಗಿದೆ. ರೈಬೋಸೋಮ್‌ನ ಮುಖ್ಯ ಭಾಗ ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಉದ್ದನೆ ಸರಪಳಿ ಅದು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅಂಥ ಮೂರು ಸರಪಳಿಗಳಿವೆ. ಅತಿ ಉದ್ದದ್ದರಲ್ಲಿ 2,904 ಅಕ್ಷರ. ಅದರ ಸುತ್ತ ಐವತ್ತಕ್ಕೂ ಜಾಸ್ತಿ ಪ್ರೋಟೀನ್‌ಗಳು. ಮನುಷ್ಯರಲ್ಲಿ ನಾಲ್ಕು ಸರಪಳಿ, ಅತಿ ಉದ್ದದ್ದರಲ್ಲಿ 5,000ಕ್ಕೂ ಜಾಸ್ತಿ ಅಕ್ಷರ, ಪ್ರೋಟೀನ್‌ಗಳು ಸುಮಾರು 80. ಆದರೂ ನಡುಭಾಗ, ಅಂದರೆ ಪ್ರೋಟೀನಿನ ಕೊಂಡಿಗಳನ್ನು ಒಂದಕ್ಕೊಂದು ಬೆಸೆಯುವ ಜಾಗ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಹೊಸದಾಗಿ ಬೆಳೆದದ್ದೆಲ್ಲ ಬಹುತೇಕ ಹೊರಮೈಯಲ್ಲಿ.

ಇದೇ ಔಷಧ ಹುಡುಕುವವರ ತಲೆನೋವು. ಬ್ಯಾಕ್ಟೀರಿಯಾವನ್ನು ನಿಲ್ಲಿಸಬೇಕಾದರೆ ಕೆಲಸ ನಡೆಯುವ ನಡುಭಾಗಕ್ಕೇ ಹೊಡೆಯಬೇಕು. ಆ ನಡುಭಾಗವೇ ನಮ್ಮದನ್ನು ಅತಿ ಹೆಚ್ಚು ಹೋಲುತ್ತದೆ.

ಕೆಲಸ ಶುರುಮಾಡುವ ರೀತಿಯಲ್ಲೂ ಅಂತರವಿದೆ. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಯಿಂದ ಸಂದೇಶ ನಕಲಾಗುತ್ತಿರುವಾಗಲೇ ರೈಬೋಸೋಮ್ ಅದನ್ನು ಹಿಡಿದು ಓದಲು ಶುರುಮಾಡುತ್ತದೆ. ನಮ್ಮಲ್ಲಿ ಸಂದೇಶ ಕೋಶಕೇಂದ್ರದಲ್ಲಿ ತಯಾರಾಗಿ ಹೊರಗೆ ಬರಬೇಕು, ಆಮೇಲೆ ರೈಬೋಸೋಮ್ ಅದರ ತುದಿಯಿಂದ ಹುಡುಕುತ್ತಾ ಹೋಗಿ ಆರಂಭದ ಗುರುತು ಕಂಡುಕೊಳ್ಳಬೇಕು. ವೇಗದಲ್ಲೂ ಅವು ಮುಂದೆ. ಬ್ಯಾಕ್ಟೀರಿಯಾದ ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಕೊಂಡಿ ಸೇರಿಸಿದರೆ, ನಮ್ಮದು ಐದಾರು.

ವೈರಸ್‌ಗೆ ಆಂಟಿಬಯೋಟಿಕ್ ಯಾಕೆ ನಾಟುವುದಿಲ್ಲ ಎಂಬ ಹಳೆಯ ಪ್ರಶ್ನೆಗೂ ಉತ್ತರದ ಒಂದು ಭಾಗ ಇಲ್ಲಿದೆ. ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಅದು ನಮ್ಮದನ್ನೇ ಬಳಸಿಕೊಳ್ಳುತ್ತದೆ. ನೆಗಡಿಗೆ ಅಜಿಥ್ರೋಮೈಸಿನ್ ನುಂಗಿದರೆ ಔಷಧಕ್ಕೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಒಂದೇ ಅಕ್ಷರದ ಮೇಲೆ ನಿಂತ ಚಿಕಿತ್ಸೆ

ನಮ್ಮದಕ್ಕೂ ಬ್ಯಾಕ್ಟೀರಿಯಾದ್ದಕ್ಕೂ ಅಂತರ ಎಲ್ಲಿದೆ ಎಂದು ಅಣುಮಟ್ಟದಲ್ಲಿ ಕಂಡದ್ದು 2000ದ ಆಸುಪಾಸಿನಲ್ಲಿ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್, ಇಸ್ರೇಲಿನ ಆಡಾ ಯೋನಾಥ್ ಮತ್ತು ಅಮೆರಿಕದ ಥಾಮಸ್ ಸ್ಟೈಟ್ಜ್ ಬ್ಯಾಕ್ಟೀರಿಯಾ ರೈಬೋಸೋಮ್‌ನ ರಚನೆಯನ್ನು ಅಣು ಅಣುವಾಗಿ ಬಿಡಿಸಿಟ್ಟರು. 2009ರಲ್ಲಿ ಮೂವರಿಗೂ ನೊಬೆಲ್ ಬಂತು. ಔಷಧ ಕೂತ ರೈಬೋಸೋಮ್‌ನ ಚಿತ್ರಗಳನ್ನೂ ಈ ತಂಡಗಳು ಕೊಟ್ಟವು.

ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ಗುಂಪಿನ ಔಷಧಗಳನ್ನು ಮ್ಯಾಕ್ರೋಲೈಡ್ ಎನ್ನುತ್ತಾರೆ. ಹೊಸದಾಗಿ ಕಟ್ಟಿದ ಪ್ರೋಟೀನ್ ದೊಡ್ಡ ತುಂಡಿನೊಳಗಿನ ಒಂದು ಸುರಂಗದ ಮೂಲಕ ಹೊರಗೆ ಬರುತ್ತದೆ. ಹನಿ ನೀರಾವರಿ ಪೈಪಿನಲ್ಲಿ ಕಸ ಸಿಕ್ಕಿಕೊಂಡ ಹಾಗೆ ಮ್ಯಾಕ್ರೋಲೈಡ್ ಆ ಸುರಂಗದ ಬಾಯಲ್ಲೇ ಕೂರುತ್ತದೆ. ಪ್ರೋಟೀನ್ ಸ್ವಲ್ಪ ಬೆಳೆದು ಅಲ್ಲೇ ನಿಲ್ಲುತ್ತದೆ.

ಔಷಧ ಕೂರಲು ಆಸರೆ ಕೊಡುವುದು ಉದ್ದನೆ ಸರಪಳಿಯ 2058ನೇ ಅಕ್ಷರ. ಬ್ಯಾಕ್ಟೀರಿಯಾದಲ್ಲಿ ಆ ಜಾಗದಲ್ಲಿ ಎ ಇದೆ. ನಮ್ಮ ರೈಬೋಸೋಮ್‌ನಲ್ಲಿ ಅದಕ್ಕೆ ಸರಿಹೊಂದುವ ಜಾಗದಲ್ಲಿ ಜಿ ಇದೆ. ಜಿ ಇದ್ದಲ್ಲಿ ಒಂದು ಚಿಕ್ಕ ರಾಸಾಯನಿಕ ಗುಂಪು ಹೊರಚಾಚಿರುತ್ತದೆ. ಅದು ಅಡ್ಡಬಂದು ಔಷಧ ಸರಿಯಾಗಿ ಕೂರುವುದಿಲ್ಲ. ಕೋಟ್ಯಂತರ ಜನ ನುಂಗುವ ಮಾತ್ರೆ ನಮ್ಮ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸದಿರಲು ಮುಖ್ಯ ಕಾರಣ ಈ ಒಂದು ಅಕ್ಷರ.

ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಕಥೆಯೂ ಇದೇ, ಜಾಗ ಮಾತ್ರ ಬೇರೆ. ಇವು ಸಣ್ಣ ತುಂಡಿನ 1408ನೇ ಅಕ್ಷರದ ಹತ್ತಿರ ಕೂರುತ್ತವೆ. ಅಲ್ಲೂ ಬ್ಯಾಕ್ಟೀರಿಯಾದ್ದು ಎ, ನಮ್ಮದು ಜಿ. ಎಲ್ಲ ಔಷಧಕ್ಕೂ ಇಷ್ಟು ಅಚ್ಚುಕಟ್ಟಾದ ಕಾರಣ ಇಲ್ಲ. ಟೆಟ್ರಾಸೈಕ್ಲಿನ್ ನಮ್ಮನ್ನು ಬಿಡುವುದಕ್ಕೆ ಬ್ಯಾಕ್ಟೀರಿಯಾಗಳು ಅದನ್ನು ತಮ್ಮೊಳಗೆ ಎಳೆದು ತುಂಬಿಕೊಳ್ಳುವುದೂ ಒಂದು ಕಾರಣ.

ಇದೇ ಆಟ ಉಲ್ಟಾ ನಡೆಯುವುದೂ ಉಂಟು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಹರಳಿನ ಬೀಜದಲ್ಲಿ ರೈಸಿನ್ ಎಂಬ ವಿಷವಿದೆ. ಅದು ನಮ್ಮ ರೈಬೋಸೋಮ್‌ನ ಉದ್ದನೆ ಸರಪಳಿಯಲ್ಲಿ ಒಂದೇ ಒಂದು ಎಯನ್ನು ಕಿತ್ತುಹಾಕುತ್ತದೆ. ಅಷ್ಟಕ್ಕೇ ಯಂತ್ರ ಕೆಟ್ಟುಹೋಗುತ್ತದೆ. ಇ. ಕೋಲಿಯ ಇಡೀ ರೈಬೋಸೋಮ್‌ಗೆ ಅದು ಹೆಚ್ಚೇನೂ ಮಾಡಲಾರದು.

ನಮ್ಮೊಳಗೇ ಇರುವ ಬ್ಯಾಕ್ಟೀರಿಯಾದ ಸಂಬಂಧಿ

ಹಾಗಾದರೆ ಲಿನೆಜೋಲಿಡ್‌ನಿಂದ ಕಾಲು ಜೋಮು ಹಿಡಿಯುವುದು ಯಾಕೆ? ನಮ್ಮಲ್ಲಿ ಇರುವುದು ಒಂದೇ ಬಗೆಯ ರೈಬೋಸೋಮ್ ಅಲ್ಲ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದೊಳಗೆ ಬೇರೆಯದೇ ರೈಬೋಸೋಮ್‌ಗಳಿವೆ. ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮ ಪೂರ್ವಜ ಕೋಶದೊಳಗೆ ಸೇರಿಕೊಂಡ ಒಂದು ಬ್ಯಾಕ್ಟೀರಿಯಾವೇ ಮೈಟೋಕಾಂಡ್ರಿಯಾ ಆಯಿತು ಎಂಬುದು ಈಗ ವಿಜ್ಞಾನ ಒಪ್ಪಿರುವ ಮಾತು. ಅದರ ರೈಬೋಸೋಮ್ ತುಂಬಾ ಬದಲಾಗಿದೆ, ಆದರೂ ನಡುಭಾಗದಲ್ಲಿ ಬ್ಯಾಕ್ಟೀರಿಯಾದ ಚಹರೆ ಉಳಿದಿದೆ.

ಲಿನೆಜೋಲಿಡ್ ಕೂರುವುದು ಕೊಂಡಿ ಬೆಸೆಯುವ ಜಾಗದಲ್ಲೇ. ಮೈಟೋಕಾಂಡ್ರಿಯಾದ ರೈಬೋಸೋಮ್‌ನ ಅದೇ ಜಾಗದಲ್ಲೂ ಅದು ಕೂರಬಲ್ಲದು. ಹತ್ತು ದಿನದ ಚಿಕಿತ್ಸೆಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಕ್ಷಯಕ್ಕೆ ತಿಂಗಳುಗಟ್ಟಲೆ ಕೊಡಬೇಕು. ಆಗ ಶಕ್ತಿ ಜಾಸ್ತಿ ಬೇಕಾದ ಕಡೆ, ಅಂದರೆ ಉದ್ದನೆ ನರಗಳು, ಕಣ್ಣಿನ ನರ ಮತ್ತು ರಕ್ತ ಹುಟ್ಟುವ ಮಜ್ಜೆಯಲ್ಲಿ ಪೆಟ್ಟು ಕಾಣಿಸಿಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ನಿಕ್ಸ್-ಟಿಬಿ ಪರೀಕ್ಷೆಯಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕೊಡಲಾಗಿತ್ತು. 109 ರೋಗಿಗಳಲ್ಲಿ ಸುಮಾರು ಶೇ. 90 ಮಂದಿಗೆ ಚಿಕಿತ್ಸೆ ಫಲ ಕೊಟ್ಟಿತು. ಆದರೆ ಶೇ. 81 ಮಂದಿಗೆ ನರದ ತೊಂದರೆ ಬಂತು. ಮುಂದಿನ ಪರೀಕ್ಷೆಯಲ್ಲಿ ಪ್ರಮಾಣ 600ಕ್ಕೆ ಇಳಿಸಿದಾಗ ಫಲ ಹೆಚ್ಚು ಕುಗ್ಗಲಿಲ್ಲ, ತೊಂದರೆ ಕಡಿಮೆಯಾಯಿತು. ಈಗ ಬಳಕೆಯಲ್ಲಿರುವುದು ಈ ಪ್ರಮಾಣ.

ಮ್ಯಾಕ್ರೋಲೈಡ್‌ಗಳು ಯಾಕೆ ಹೀಗೆ ಮಾಡುವುದಿಲ್ಲ? 2058ರ ಜಾಗದಲ್ಲಿ ಮೈಟೋಕಾಂಡ್ರಿಯಾದಲ್ಲೂ ಜಿ ಇದೆ. ನಮ್ಮ ಅದೃಷ್ಟ ಅನ್ನಬೇಕು.

ಅಮಿಕಾಸಿನ್ ಗುಂಪಿಗೆ ಆ ಅದೃಷ್ಟ ಇಲ್ಲ. 1408ರಲ್ಲಿ ಮೈಟೋಕಾಂಡ್ರಿಯಾದ್ದು ಬ್ಯಾಕ್ಟೀರಿಯಾದ ಹಾಗೆ ಎ. ಅಮಿಕಾಸಿನ್, ಜೆಂಟಾಮೈಸಿನ್‌ಗಳು ಕಿವಿಗೆ ತೊಂದರೆ ಕೊಡುವುದಕ್ಕೆ ಇದೂ ಒಂದು ಕಾರಣ. ಕೆಲವು ಕುಟುಂಬಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಇನ್ನೊಂದು ಬದಲಾವಣೆ ಇದೆ. ಮೈಟೋಕಾಂಡ್ರಿಯಾದ ಡಿಎನ್‌ಎಯ 1555ನೇ ಅಕ್ಷರ ಎ ಹೋಗಿ ಜಿ ಆಗಿರುತ್ತದೆ. ಅದರಿಂದ ಆ ರೈಬೋಸೋಮ್ ಬ್ಯಾಕ್ಟೀರಿಯಾದ್ದಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ, ಔಷಧ ಗಟ್ಟಿಯಾಗಿ ಕೂರುತ್ತದೆ. ಅಂಥ ಮಗುವಿಗೆ ಜೆಂಟಾಮೈಸಿನ್ ಕೊಟ್ಟರೆ ಶಾಶ್ವತವಾಗಿ ಕಿವಿ ಕೇಳಿಸದೆ ಹೋಗಬಹುದು. ಬ್ರಿಟನ್ನಿನ ಮ್ಯಾಂಚೆಸ್ಟರ್‌ನಲ್ಲಿ ನವಜಾತ ಶಿಶುಗಳಿಗೆ ಔಷಧ ಕೊಡುವ ಮುಂಚೆ ಅರ್ಧ ಗಂಟೆಯೊಳಗೆ ಈ ಅಕ್ಷರ ಪತ್ತೆಮಾಡುವ ಪರೀಕ್ಷೆ ಮಾಡಿ ನೋಡಿದ್ದಾರೆ.

ಬ್ಯಾಕ್ಟೀರಿಯಾ ನಮ್ಮ ಅಕ್ಷರ ಬರೆದುಕೊಂಡರೆ?

ಒಂದು ಅಕ್ಷರದಿಂದ ನಾವು ಉಳಿಯುತ್ತೇವೆ ಎಂದರೆ, ಅದೇ ಅಕ್ಷರದಿಂದ ಬ್ಯಾಕ್ಟೀರಿಯಾವೂ ಉಳಿಯಬಹುದು. ನಡೆಯುವುದು ಅದೇ.

ಅಮಿಕಾಸಿನ್‌ಗೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಬದಲಾವಣೆ 1401ನೇ ಅಕ್ಷರದಲ್ಲಿ. ಕ್ಷಯದ ಬ್ಯಾಕ್ಟೀರಿಯಾದ 1401 ಎಂದರೆ ಇ. ಕೋಲಿ ಲೆಕ್ಕದ 1408. ಅಲ್ಲಿದ್ದ ಎ ಹೋಗಿ ಜಿ ಬಂದಿರುತ್ತದೆ. ಆ ಒಂದು ಜಾಗದಲ್ಲಿ ಅದರ ರೈಬೋಸೋಮ್ ಮನುಷ್ಯನದರ ಹಾಗೆ ಆಗಿಬಿಟ್ಟಿರುತ್ತದೆ. ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾದಲ್ಲಿ, ಹೊಟ್ಟೆಹುಣ್ಣಿನ ಹೆಲಿಕೋಬ್ಯಾಕ್ಟರ್‌ನಲ್ಲಿ 2058ರ ಜಾಗದ ಎ ಇದೇ ರೀತಿ ಜಿ ಆಗುತ್ತದೆ. ಆಗ ಮ್ಯಾಕ್ರೋಲೈಡ್‌ಗೆ ಅದು ಬ್ಯಾಕ್ಟೀರಿಯಾವೋ ನಾವೋ ಎಂದು ಬೇರೆ ಮಾಡಲು ಏನೂ ಉಳಿಯುವುದಿಲ್ಲ.

ಎಲ್ಲ ಬ್ಯಾಕ್ಟೀರಿಯಾಗಳಿಗೂ ಇದು ಸುಲಭವಲ್ಲ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ರೈಬೋಸೋಮ್ ಆರ್‌ಎನ್‌ಎ ಬರೆಯುವ ಜೀನ್ ಒಂದೇ ಪ್ರತಿ ಇದೆ. ಅದೊಂದು ಬದಲಾದರೆ ಎಲ್ಲ ರೈಬೋಸೋಮ್‌ಗಳೂ ಬದಲಾಗುತ್ತವೆ. ಇ. ಕೋಲಿಯಲ್ಲಿ ಏಳು ಪ್ರತಿ ಇವೆ. ಒಂದರಲ್ಲಿ ಅಕ್ಷರ ಬದಲಾದರೂ ಉಳಿದ ಆರು ಹಳೆಯ ರೈಬೋಸೋಮನ್ನೇ ತಯಾರಿಸುತ್ತಿರುತ್ತವೆ, ಔಷಧ ಅವನ್ನು ಹಿಡಿಯುತ್ತದೆ.

ಹೀಗೆ ಜಾಸ್ತಿ ಪ್ರತಿ ಇರುವ ಬ್ಯಾಕ್ಟೀರಿಯಾಗಳು ಬೇರೆ ದಾರಿ ಹಿಡಿದಿವೆ. ಇಆರ್‌ಎಂ ಎಂಬ ಜೀನ್ ಒಂದು ಕಿಣ್ವ ತಯಾರಿಸುತ್ತದೆ. ಆ ಕಿಣ್ವ 2058ರ ಎ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಸುತ್ತದೆ. ಅಕ್ಷರ ಬದಲಾಗದೆಯೇ ಔಷಧಕ್ಕೆ ಅಡ್ಡಿ ತಯಾರು. ಈ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಕೊಂಡೂ ಹೋಗುತ್ತದೆ. ಕೆಲವದರಲ್ಲಿ ಇದು ಯಾವಾಗಲೂ ಕೆಲಸ ಮಾಡುತ್ತಿರುತ್ತದೆ. ಕೆಲವದರಲ್ಲಿ ಎರಿಥ್ರೋಮೈಸಿನ್ ಬಂದ ಸುಳಿವು ಸಿಕ್ಕಾಗ ಮಾತ್ರ ಎದ್ದೇಳುತ್ತದೆ.

ನಾಫಿಥ್ರೋಮೈಸಿನ್ ಹೊಸದೇನು ಮಾಡುತ್ತದೆ?

ಇದು ಕೀಟೋಲೈಡ್, ಮ್ಯಾಕ್ರೋಲೈಡ್‌ನ ತಮ್ಮ. 2058ರ ಹತ್ತಿರ ಕೂರುವುದರ ಜೊತೆಗೆ, ಉದ್ದನೆಯ ಒಂದು ತೋಳು ಚಾಚಿ ಅದೇ ಸರಪಳಿಯ ಇನ್ನೊಂದು ಭಾಗವನ್ನೂ ಹಿಡಿಯುತ್ತದೆ. ಒಂದು ಹಿಡಿತ ಸಡಿಲವಾದರೂ ಇನ್ನೊಂದು ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಸುಪ್ತವಾಗಿರುವ ಇಆರ್‌ಎಂ ಜೀನನ್ನು ಕೀಟೋಲೈಡ್‌ಗಳು ಅಷ್ಟಾಗಿ ಎಬ್ಬಿಸುವುದೂ ಇಲ್ಲ. ಅಜಿಥ್ರೋಮೈಸಿನ್‌ಗೆ ಬಗ್ಗದ, ನ್ಯುಮೋನಿಯಾ ತರುವ ಎಷ್ಟೋ ನ್ಯೂಮೋಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಇದು ಕೆಲಸ ಮಾಡುವುದು ಹೀಗೆ.

ಸುದ್ದಿಯ ಕೆಲವು ಮಾತುಗಳನ್ನು ಸ್ವಲ್ಪ ಹಗುರ ಮಾಡಿಕೊಂಡು ಓದಬೇಕು. ಹತ್ತು ಪಟ್ಟು ಎಂದರೆ ಹತ್ತು ಪಟ್ಟು ಜಾಸ್ತಿ ರೋಗಿಗಳು ಗುಣವಾಗುತ್ತಾರೆ ಎಂದಲ್ಲ. ದೇಶದಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಇದನ್ನು ಹೋಲಿಸಿದ್ದು ಮಾಕ್ಸಿಫ್ಲಾಕ್ಸಾಸಿನ್ ಎಂಬ ಬೇರೆ ಆಂಟಿಬಯೋಟಿಕ್ ಜೊತೆಗೆ, ಅಜಿಥ್ರೋಮೈಸಿನ್ ಜೊತೆಗಲ್ಲ. ಮೊದಲ ಸ್ವದೇಶಿ ಆಂಟಿಬಯೋಟಿಕ್ ಎಂಬ ಬಿರುದೂ ಅಷ್ಟು ಸಲೀಸಲ್ಲ. ಇದೇ ಕಂಪನಿ ಇಲ್ಲೇ ಬೆಳೆಸಿದ ಲೀವೋನಾಡಿಫ್ಲಾಕ್ಸಾಸಿನ್ 2020ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಸಾಧನೆ ದೊಡ್ಡದೇ, ಬಿರುದಿನ ಅಗತ್ಯ ಇರಲಿಲ್ಲ.

ಕೀಟೋಲೈಡ್‌ಗಳ ಇತಿಹಾಸವೂ ನೆನಪಿರಲಿ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ಟೆಲಿಥ್ರೋಮೈಸಿನ್ ಕೆಲವರ ಯಕೃತ್ತಿಗೆ ಗಂಭೀರ ಹಾನಿ ಮಾಡಿತು. 2007ರಲ್ಲಿ ಅದರ ಬಳಕೆಗೆ ಕಡಿವಾಣ ಬಿತ್ತು, ಆಮೇಲೆ ಮಾರುಕಟ್ಟೆಯಿಂದಲೇ ಹೋಯಿತು. ಆ ತೊಂದರೆಗೆ ರೈಬೋಸೋಮ್ ಕಾರಣವಲ್ಲ, ಔಷಧದ ಒಂದು ತುಣುಕು ದೇಹದ ಬೇರೆ ಕಡೆ ಕೆಲಸ ಮಾಡಿದ್ದು ಎಂಬ ವಿವರಣೆ ಇದೆ. ನಾಫಿಥ್ರೋಮೈಸಿನ್ ರೂಪಿಸುವಾಗ ಇದನ್ನು ಗಮನದಲ್ಲಿ ಇಟ್ಟುಕೊಳ್ಳಲಾಗಿದೆ. ಆದರೆ ಅಪರೂಪದ ಅಡ್ಡಪರಿಣಾಮ ಗೊತ್ತಾಗುವುದು ಲಕ್ಷಾಂತರ ಜನ ಬಳಸಿದ ಮೇಲೇ.

ಬೀಗ ಹಾಕಿ ಇಡಬೇಕೆ, ಎಲ್ಲರಿಗೂ ಕೊಡಬೇಕೆ?

ಇಲ್ಲಿ ಎರಡು ವಾದಗಳಿವೆ. ಹೊಸ ಔಷಧವನ್ನು ಕೊನೆಯ ಅಸ್ತ್ರವಾಗಿ ಕಾಪಾಡಿಕೊಳ್ಳಬೇಕು ಎನ್ನುತ್ತಾರೆ ಸೋಂಕು ತಜ್ಞರು. 2019ರ ಮಾರಾಟದ ಅಂಕಿಗಳನ್ನು ನೋಡಿದ ಅಧ್ಯಯನವೊಂದರ ಪ್ರಕಾರ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಆಂಟಿಬಯೋಟಿಕ್ ಮಾತ್ರೆ ಅಜಿಥ್ರೋಮೈಸಿನ್ 500. ಕೋವಿಡ್ ಬರುವುದಕ್ಕೂ ಮುಂಚಿನ ಮಾತು ಇದು. ಮಿಕ್ನಾಫ್ ಕೂಡ ಅದೇ ದಾರಿ ಹಿಡಿದರೆ, ಕಷ್ಟಪಟ್ಟು ಗಳಿಸಿದ ಎರಡನೇ ಹಿಡಿತವೂ ಹೋಗುತ್ತದೆ.

ಇನ್ನೊಂದು ಕಡೆಯವರ ಮಾತಲ್ಲೂ ಹುರುಳಿದೆ. ಬಳಸದೆ ಬೀರುವಿನಲ್ಲಿಟ್ಟ ಔಷಧದಿಂದ ಕಂಪನಿಗೆ ದುಡ್ಡು ಹುಟ್ಟುವುದಿಲ್ಲ. ಅಮೆರಿಕದ ಅಕಾವೋಜೆನ್ ಕಂಪನಿ ಪ್ಲಾಜೋಮೈಸಿನ್ ಎಂಬ ಔಷಧ ತಂದಿತ್ತು. ಅದೂ ರೈಬೋಸೋಮ್ ಹಿಡಿಯುವಂಥದ್ದೇ. 2018ರಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿಯಾಯಿತು. ಹೀಗಾದರೆ ಮುಂದಿನ ಔಷಧಕ್ಕೆ ಯಾರು ಕೈಹಾಕುತ್ತಾರೆ?

ನನಗೆ ಕಾಣುವ ಮಟ್ಟಿಗೆ ಮೊದಲ ವಾದದಲ್ಲಿ ಒಂದು ಕೊರತೆ ಇದೆ. ಅಪಾಯ ಮಿಕ್ನಾಫ್ ಅತಿಬಳಕೆಯಿಂದ ಮಾತ್ರ ಬರುವುದಿಲ್ಲ, ಅಜಿಥ್ರೋಮೈಸಿನ್ ಅತಿಬಳಕೆಯಿಂದಲೂ ಬರುತ್ತದೆ. ಎರಡೂ ನಿಂತಿರುವುದು 2058ರ ಹತ್ತಿರವೇ. ಅಜಿಥ್ರೋಮೈಸಿನ್ ಹರಿದಾಡಿದಷ್ಟೂ ಇಆರ್‌ಎಂ ಜೀನ್ ಸದಾ ಎಚ್ಚರವಾಗಿರುವ ತಳಿಗಳಿಗೆ ಅನುಕೂಲ. ಅಂಥ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳ ಮುಂದೆ ಕೀಟೋಲೈಡ್‌ಗಳೂ ಸೋಲುತ್ತವೆ. ಅಂದರೆ ಹೊಸ ಔಷಧವನ್ನು ಎಷ್ಟೇ ಜೋಪಾನವಾಗಿ ಇಟ್ಟರೂ ಹಳೆಯದು ಅದರ ಆಯುಷ್ಯ ತಿನ್ನುತ್ತಿರುತ್ತದೆ. 2024ರಲ್ಲಿ ಕೇರಳ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ತಪಾಸಣೆ ಶುರುಮಾಡಿತು. ಮಿಕ್ನಾಫ್ ಉಳಿಯಬೇಕಾದರೆ ಅಂಥ ಕ್ರಮ ಅಜಿಥ್ರೋಮೈಸಿನ್ ಮೇಲೇ ಬೇಕು.

ದಾಳಿಂಬೆ ತೋಟದಲ್ಲೂ ಇದೇ ಪ್ರಶ್ನೆ

ಕೊಪ್ಪಳ, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗದ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ಗೊತ್ತು. ಎಲೆ, ಕಾಯಿಗಳ ಮೇಲೆ ಎಣ್ಣೆ ಬಿದ್ದ ಹಾಗೆ ಚುಕ್ಕೆ, ಆಮೇಲೆ ಕಾಯಿ ಸೀಳು. ಇದಕ್ಕೆ ವರ್ಷಗಳಿಂದ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿ ಸಿಂಪಡಿಸುತ್ತಾ ಬಂದಿದ್ದಾರೆ. ಎರಡೂ ರೈಬೋಸೋಮ್ ಔಷಧಗಳೇ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೆಳೆಗಳ ಮೇಲೆ ಇವುಗಳ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಮನುಷ್ಯರ ಔಷಧವನ್ನು ಹೊಲಕ್ಕೆ ಸುರಿದರೆ ಮಣ್ಣಿನ ಬ್ಯಾಕ್ಟೀರಿಯಾಗಳು ತಪ್ಪಿಸಿಕೊಳ್ಳುವ ದಾರಿ ಕಲಿಯುತ್ತವೆ ಎಂಬುದು ಕಾರಣ. ರೋಗ ಬಂದಾಗ ಕೈಯಲ್ಲಿ ಇನ್ನೇನಿದೆ ಎಂಬುದು ರೈತರ ಪ್ರಶ್ನೆ. ತಾಮ್ರದ ಔಷಧ, ರೋಗವಿಲ್ಲದ ಸಸಿ, ತೋಟದ ಸ್ವಚ್ಛತೆ, ಇವೆಲ್ಲ ಇವೆ. ಮಳೆಗಾಲದಲ್ಲಿ ಅವಷ್ಟೇ ಸಾಲುವುದಿಲ್ಲ.

ರೈಬೋಸೋಮ್ ಲೆಕ್ಕದಲ್ಲಿ ನೋಡಿದರೆ ಗಿಡಕ್ಕೂ ಇದು ಪೂರ್ತಿ ನಿರಪಾಯವಲ್ಲ. ಎಲೆಯ ಹಸಿರು ಕ್ಲೋರೋಪ್ಲಾಸ್ಟ್ ಕೂಡ ಒಂದು ಕಾಲದ ಬ್ಯಾಕ್ಟೀರಿಯಾ, ಅದರ ರೈಬೋಸೋಮ್ 70ಎಸ್. ಸ್ಟ್ರೆಪ್ಟೋಮೈಸಿನ್ ಜಾಸ್ತಿಯಾದರೆ ಎಲೆ ಬಿಳಿಚಿಕೊಳ್ಳುವುದು ಈ ಕಾರಣಕ್ಕೆ. ಲಿನೆಜೋಲಿಡ್ ರೋಗಿಯ ನರಕ್ಕೆ ಆಗುವುದರ ಸಸ್ಯರೂಪ ಅದು.

ಲ್ಯಾಬ್‌ನಿಂದ ಬರಬೇಕಾದ ಮಾಹಿತಿ

ಮುಂದಿನ ಕೆಲವು ವರ್ಷಗಳಲ್ಲಿ ಮಿಕ್ನಾಫ್ ಎಲ್ಲಿ ನಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂದು ಊಹಿಸಲು ಆಸ್ಪತ್ರೆಯ ಲ್ಯಾಬ್‌ಗಳು ಒಂದು ವಿಷಯ ಬೇರೆ ಮಾಡಿ ಹೇಳಬೇಕು: ಅಜಿಥ್ರೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಯಾವ ದಾರಿ ಹಿಡಿದಿದೆ? ಅಕ್ಷರ ಬದಲಿಸಿಕೊಂಡಿದೆಯೇ, ಮೀಥೈಲ್ ಅಂಟಿಸಿಕೊಂಡಿದೆಯೇ, ಅಂಟಿಸಿಕೊಂಡಿದ್ದರೆ ಸದಾ ಕಾಲವೋ ಸುಳಿವು ಸಿಕ್ಕಾಗ ಮಾತ್ರವೋ?

ಕೊನೆಯ ಪ್ರಶ್ನೆಗೆ ದುಬಾರಿ ಯಂತ್ರ ಬೇಕಿಲ್ಲ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಎರಿಥ್ರೋಮೈಸಿನ್‌ನ ಒಂದು ಬಿಲ್ಲೆ, ಒಂದೆರಡು ಸೆಂಟಿಮೀಟರ್ ದೂರದಲ್ಲಿ, 2058ರ ಹತ್ತಿರವೇ ಕೂರುವ ಕ್ಲಿಂಡಾಮೈಸಿನ್ ಎಂಬ ಔಷಧದ ಇನ್ನೊಂದು ಬಿಲ್ಲೆ ಇಟ್ಟು ಒಂದು ರಾತ್ರಿ ಬಿಡುತ್ತಾರೆ. ಜೀನ್ ಸುಪ್ತವಾಗಿದ್ದರೆ, ಎರಿಥ್ರೋಮೈಸಿನ್ ಕಡೆಯ ಬ್ಯಾಕ್ಟೀರಿಯಾಗಳು ಎಚ್ಚೆತ್ತು ಕ್ಲಿಂಡಾಮೈಸಿನ್ ಸುತ್ತಲಿನ ಖಾಲಿ ವೃತ್ತದ ಆ ಬದಿಯನ್ನು ಮಟ್ಟ ಮಾಡಿಬಿಡುತ್ತವೆ. ವೃತ್ತ ಇಂಗ್ಲಿಷಿನ ಡಿ ಅಕ್ಷರದ ಆಕಾರಕ್ಕೆ ಬರುತ್ತದೆ. ಹಾಗಾಗಿ ಇದಕ್ಕೆ ಡಿ ಟೆಸ್ಟ್ ಎಂದೇ ಹೆಸರು. ಸ್ಟೆಫೈಲೋಕಾಕಸ್‌ಗೆ ಇದನ್ನು ಅನೇಕ ಲ್ಯಾಬ್‌ಗಳು ಈಗಾಗಲೇ ಮಾಡುತ್ತವೆ. ಆದರೆ ಆ ವಿವರ ಲ್ಯಾಬ್‌ನ ಪುಸ್ತಕದಲ್ಲೇ ಉಳಿದು, ವೈದ್ಯರ ಕೈಗೆ ಬರುವ ವರದಿಯಲ್ಲಿ ಹೆಚ್ಚಾಗಿ ಕಾಣುವುದು ರೆಸಿಸ್ಟೆಂಟ್ ಎಂಬ ಒಂದೇ ಪದ.